ಚೆನ್ನಾಗಿದ್ದಾಳೆ

ಹಸ್ನಾಳ ಬಲಗಾಲು ಇನ್ನೇನು ಆಸ್ಪತ್ರೆಯ ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಅವಳ ಅತ್ತೆ ರತೀಬಾ ಒಳಗಿನ ಬೆಂಚನ್ನು ನೋಡಿಬಿಟ್ಟಳು. ಫ್ಯಾನಿನ ಕೆಳಗೆ ಮರ್ಜೂಕಾ ಕೂತಿದ್ದಳು, ಹನ್ನೆರಡು ದಿನದ ಬಾಣಂತಿ, ಮಗುವಿಗೆ ಹಾಲು ಕುಡಿಸುತ್ತ. ರತೀಬಾ ಒಂದು ಕೈಯಲ್ಲಿ ಮೊಮ್ಮಗಳನ್ನು ಎದೆಗವಚಿಕೊಂಡು ಇನ್ನೊಂದು ಕೈಯಲ್ಲಿ ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಆ ಹುಡುಗಿ ಮೆಟ್ಟಿಲ ಮೇಲೆ ಮುಗ್ಗರಿಸಿದಳು. ಒಳಗೆ ಮರ್ಜೂಕಾ ಮುಖದ ಮೇಲೂ ಎದೆಯ ಮೇಲೂ ಕರಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ತೂಕದ ಯಂತ್ರದ ಹತ್ತಿರ ನಿಂತಿದ್ದ ನರ್ಸ್ ಇನ್ಸಾಫ್, ಊರವರ ಬಾಯಲ್ಲಿ ಹಕೀಮಾ, ಕೈಯಲ್ಲಿದ್ದ ಹತ್ತಿಯ ಉಂಡೆಯ ಸಮೇತ ಹೊರಗೆ ಓಡಿ ಬಂದಳು.

"ಯಾರೂ ಇಲ್ಲಂದಿದ್ದೆಲ್ಲ ಹಕೀಮಾ," ಎಂದಳು ರತೀಬಾ. ಕೂಗಲಿಲ್ಲ. ಕೂಗಿದ್ದರೆ ಇನ್ಸಾಫ್‌ಗೆ ಹಗುರವಾಗುತ್ತಿತ್ತು. "ನಿನ್ನೆ ನಿನ್ನ ಮನಿ ಬಾಗಿಲಿಗೆ ಬಂದು ಕೇಳಿದ್ನಿ. ನಾಳಿಗೆ ಬ್ಯಾರೆ ಹಸಿಬಾಣಂತಿ ಯಾರೂ ಬರೂದಿಲ್ಲ, ಧೈರ್ಯದಿಂದ ಕರಕೊಂಡು ಬಾ ಅಂದಿ. ಅಂದ್ಯೋ ಇಲ್ಲೋ?"

ಅಂದಿದ್ದಳು. ದೇವರ ಮೇಲೆ ಆಣೆ ಇಟ್ಟೇ ಅಂದಿದ್ದಳು. ಇನ್ಸಾಫ್‌ಳ ಕಣ್ಣು ಅಷ್ಟರಲ್ಲಿ ಹಸ್ನಾಳ ಪಾದದ ಮೇಲೆ ಬಿದ್ದಿತ್ತು. ಹತ್ತೊಂಬತ್ತು ವರ್ಷದ ಕಡ್ಡಿಯಂಥ ಹುಡುಗಿ. ಪಾದ ಮಾತ್ರ ಹಿಟ್ಟು ನಾದಿ ಇಟ್ಟಂತೆ ಉಬ್ಬಿ, ಹಿಮ್ಮಡಿ ಚಪ್ಪಲಿಯಿಂದ ಹಿಂದಕ್ಕೆ ಜೋತಿತ್ತು. ರೆಪ್ಪೆಗಳೂ ಊದಿಕೊಂಡಿದ್ದವು. ಬೆಳಗಿನ ಒಂಬತ್ತರ ಎಳೆ ಬಿಸಿಲಿಗೇ ಅವಳು ಕೈ ಅಡ್ಡ ಹಿಡಿದಿದ್ದಳು. ಇನ್ಸಾಫ್ ಒಂದು ಹೆಜ್ಜೆ ಮುಂದಿಟ್ಟಾಗ ರತೀಬಾ ಅವಳಿಗೂ ಸೊಸೆಗೂ ನಡುವೆ ಬಂದು ನಿಂತಳು.

"ನೀ ಈಗ ತಾನs ಆ ಮರ್ಜೂಕಾನ್ನ ಮುಟ್ಟಿದಾಕಿ. ಹತ್ರ ಬರಬ್ಯಾಡ."

ಅತ್ತೆ ಮುಂದೆ, ಸೊಸೆ ಹಿಂದೆ, ಕಾಲುವೆಯ ಏರಿ ಹಿಡಿದು ಹೊರಟೇ ಹೋದರು. ಆರು ದಿನದ ಕೂಸಿನ ಹಿಮ್ಮಡಿಯಿಂದ ಪರೀಕ್ಷೆಗೆ ರಕ್ತ ತೆಗೆಯುವುದೂ ಆಗಲಿಲ್ಲ, ತಾಯಿಯನ್ನು ನೋಡುವುದೂ ಆಗಲಿಲ್ಲ.

ಕೋಮ್ ಜಿಮ್ಮೇಜ ಎಂಬ ಈ ಹಳ್ಳಿಯಲ್ಲಿ ಬಾಣಂತಿಗೆ ನಲವತ್ತು ದಿನ ಗೋರಿಯ ಬಾಯಿ ತೆರೆದೇ ಇರುತ್ತದೆ ಎನ್ನುತ್ತಾರೆ. ಆ ನಲವತ್ತು ದಿನದಲ್ಲಿ ಅವಳ ಕೋಣೆಗೆ ಯಾರು ಹೇಗೆ ಹೊಕ್ಕರು ಎನ್ನುವುದರ ಮೇಲೆ ಅವಳ ಹಾಲು ನಿಂತಿದೆ. ಹಸಿ ಮಾಂಸ ಹಿಡಿದವನು, ಈಗಷ್ಟೇ ಕ್ಷೌರ ಮಾಡಿಸಿಕೊಂಡವನು, ಹೆಣ ನೋಡಿ ಬಂದವಳು, ಎಲ್ಲಕ್ಕಿಂತ ಹೆಚ್ಚಾಗಿ ಇನ್ನೊಬ್ಬ ಹಸಿಬಾಣಂತಿ ಅಥವಾ ಅವಳನ್ನು ಮುಟ್ಟಿ ಬಂದವಳು, ಒಳಗೆ ಕಾಲಿಟ್ಟರೆ ಮುಶಾಹರಾ ಎಂಬ ದೋಷ ತಗಲುತ್ತದೆ, ಎದೆ ಬತ್ತುತ್ತದೆ. ಇದಕ್ಕೊಂದು ಕಾನೂನೂ ಇದೆ. ಬಂದವಳು ಬಾಣಂತಿ ಇರುವಲ್ಲಿಗೆ, ಅವಳ ಮೇಲೆ, ಹೊಗಬಾರದು. ಬಾಣಂತಿಯೇ ಹೊಸ್ತಿಲು ದಾಟಿ ಬಂದವಳ ಬಳಿಗೆ ಹೋದರೆ ದೋಷವಿಲ್ಲ. ಇಬ್ಬರೂ ಹಸಿಬಾಣಂತಿಯರಾದರೆ ಮಾತ್ರ ಯಾರು ಯಾರ ಬಳಿ ಹೋದರೂ ಇಬ್ಬರಿಗೂ ಕೇಡು. ನಗುವವರು ನಗಲಿ. ಹಾಲು ಬತ್ತಿದ ಮನೆಯ ಕೂಸಿನ ಅಳು ಕೇಳಿದವರು ನಗುವುದಿಲ್ಲ.

ಇನ್ಸಾಫ್ ಕೇಳಿದ್ದಳು. ಇಪ್ಪತ್ತೇಳು ವರ್ಷದ ಹಿಂದೆ, ಅವಳ ಚೊಚ್ಚಲ ಬಾಣಂತನದ ಒಂಬತ್ತನೆಯ ದಿನ, ಇನ್ನೊಂದು ಬಾಣಂತಿಮನೆಯಿಂದ ನೇರವಾಗಿ ನೆರೆಯವಳೊಬ್ಬಳು ಒಳಗೆ ಬಂದಳು. ಅದಾದ ಮೂರನೆಯ ದಿನಕ್ಕೆ ಹಾಲು ನಿಂತಿತು. ಗಂಡುಕೂಸು ಸಕ್ಕರೆ ನೀರು, ಅಕ್ಕಿಯ ಗಂಜಿನೀರು ಕುಡಿದು ಮೂವತ್ತೊಂದು ದಿನ ಬದುಕಿತು. ಅವಳ ಅತ್ತೆ ಸಾಯುವ ತನಕ ಆ ನೆರೆಯವಳಿಗೆ ಹಿಡಿಶಾಪ ಹಾಕಿದಳು. ಆ ಒಂಬತ್ತೂ ದಿನ ಇನ್ಸಾಫ್‌ಗೆ ಕೆಂಡದಂಥ ಜ್ವರವಿತ್ತು, ಕಿಬ್ಬೊಟ್ಟೆ ಮುಟ್ಟಿದರೆ ಜೀವ ಹೋಗುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಗರ್ಭಕೋಶದ ನಂಜು, ಜ್ವರ, ಹಾಲು ಕಡಿಮೆಯಾಗುವುದು ಎಲ್ಲವನ್ನೂ ಓದಿದಳು. ಓದಿದ್ದು ತಲೆಗೆ ಹೋಯಿತು, ಹೊಟ್ಟೆಗೆ ಇಳಿಯಲಿಲ್ಲ.

ಹಾಗಾಗಿ ಈ ಆಸ್ಪತ್ರೆಗೆ ಬಂದ ಮೊದಲ ವರ್ಷವೇ ಅವಳು ತನ್ನದೊಂದು ಏರ್ಪಾಡು ಮಾಡಿಕೊಂಡಳು. ಕಟ್ಟಡಕ್ಕೆ ಎರಡು ಬಾಗಿಲು. ಮುಂದಿನದು ಕಾಲುವೆ ರಸ್ತೆಗೆ, ಹಿಂದಿನದು ಖರ್ಜೂರದ ಓಣಿಗೆ. ಯಾವ ಮನೆಯಲ್ಲಿ ಯಾವಾಗ ಹೆರಿಗೆಯಾಯಿತೆಂದು ನೋಡಿ, ಅವರು ಬರುವ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಸಣ್ಣ ಚುಕ್ಕಿ ಇಡುತ್ತಿದ್ದಳು. ಇಬ್ಬರು ಹಸಿಬಾಣಂತಿಯರ ದಿನ ಒಂದಾಗದಂತೆ, ಒಂದಾದರೂ ಬಾಗಿಲು ಒಂದಾಗದಂತೆ ನೋಡಿಕೊಳ್ಳುತ್ತಿದ್ದಳು. ಸರಕಾರದ ಯಾವ ಕಾಗದದಲ್ಲೂ ಈ ಚುಕ್ಕಿಗಳ ಸುದ್ದಿಯಿಲ್ಲ. ಬಂದುಹೋದ ಹನ್ನೊಂದು ಜನ ಡಾಕ್ಟರರಲ್ಲಿ ಒಬ್ಬರೂ ಅವೇನೆಂದು ಕೇಳಲಿಲ್ಲ.

ಇಷ್ಟೆಲ್ಲ ಮಾಡಿದರೂ ಬಾಣಂತಿಯರು ಬರುತ್ತಿದ್ದುದು ಅಷ್ಟಕ್ಕಷ್ಟೆ. ಕೂಸನ್ನು ಅಜ್ಜಿಯೇ ತರುತ್ತಿದ್ದಳು. ಹಿಮ್ಮಡಿಯ ರಕ್ತಕ್ಕೊಮ್ಮೆ, ಚುಚ್ಚುಮದ್ದಿಗೊಮ್ಮೆ, ತೂಕಕ್ಕೊಮ್ಮೆ. ತಾಯಿ ಹೇಗಿದ್ದಾಳೆ ಎಂದು ಇನ್ಸಾಫ್ ಕೇಳುತ್ತಿದ್ದಳು. ದೇವರ ದಯೆ, ಚೊಲೋ ಅದಾಳ ಎಂದು ಅಜ್ಜಿ ಹೇಳುತ್ತಿದ್ದಳು. ತಾಯಿಯ ಖಾನೆಯಲ್ಲಿ ಇನ್ಸಾಫ್ "ಚೆನ್ನಾಗಿದ್ದಾಳೆ" ಎಂದು ಬರೆಯುತ್ತಿದ್ದಳು. ಅವಳ ಅಕ್ಷರ ಮುತ್ತಿನಂತಿತ್ತು.

ಮನ್ಸೂರಾ ನಗರದಿಂದ ಹೊಸ ಡಾಕ್ಟರು ರೀಹಾಮ್ ಬಂದು ಎರಡು ತಿಂಗಳಾಗಿತ್ತು. ಇಪ್ಪತ್ತಾರರ ಹುಡುಗಿ, ಕಡ್ಡಾಯ ಸೇವೆಗೆ ಬಂದವಳು, ಉತ್ತರದವರ ಮೆದು ಮಾತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂದು ಕಾವಲುಗಾರ ನಕ್ಕಿದ್ದ. ಆದರೆ ಈ ಅಗಸಗಿತ್ತಿ ಒಗೆಯುವುದನ್ನು ನಿಲ್ಲಿಸಲಿಲ್ಲ. ಹಳೆಯ ದಾಖಲೆ ಪುಸ್ತಕಗಳನ್ನೆಲ್ಲ ಕೆದಕಿ, ಒಂದು ಮಧ್ಯಾಹ್ನ ಇನ್ಸಾಫ್‌ಳನ್ನು ಕೂರಿಸಿಕೊಂಡು ಒಂದು ಪುಟ ತೆರೆದಳು. ತಹಾನಿ ಎಂಬವಳ ಮಗು, ಒಂಬತ್ತನೇ ದಿನ, ತೂಕ ಮೂರು ಕಿಲೊ ಇನ್ನೂರು. ತಾಯಿ: ಚೆನ್ನಾಗಿದ್ದಾಳೆ.

"ಒಂಬತ್ತನೇ ದಿನ ಚೆನ್ನಾಗಿದ್ದವಳು ಹನ್ನೊಂದನೇ ದಿನ ಹೇಗೆ ಸತ್ತಳು, ಇನ್ಸಾಫಕ್ಕ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದಂತಿತ್ತು. ಇನ್ಸಾಫ್ ಪುಟ ತಿರುವಿದಳು. ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ. ಪುಟದುದ್ದಕ್ಕೂ ಅವಳದೇ ಮುತ್ತಿನಂಥ ಅಕ್ಷರ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೆಯ ದಿನದಿಂದಲೇ ಡಾಕ್ಟರು ಬದಲಾವಣೆ ಶುರುಮಾಡಿದಳು. ತಾಯಿಗೊಂದು ಪುಸ್ತಕ, ಕೂಸಿಗೊಂದು ಪುಸ್ತಕ ಇನ್ನಿಲ್ಲ. ಇಬ್ಬರಿಗೂ ಒಂದೇ ಕಡತ, ಒಂದೇ ಕೋಣೆ, ಒಂದೇ ದಿನ. ಕೂಸಿನ ರಕ್ತ ತೆಗೆಯಬೇಕೆಂದರೆ ತಾಯಿಯೂ ಬರಬೇಕು, ತಾಯಿಯ ಬಿ.ಪಿ., ಜ್ವರ, ಹೊಟ್ಟೆ ನೋಡಿಯೇ ಕೂಸಿನ ಕೆಲಸ. ಹಿಂಬಾಗಿಲಿಗೆ ಔಷಧಿಯ ದೊಡ್ಡ ಕಪಾಟು ಅಡ್ಡ ಇಟ್ಟಾಯಿತು, ಜಾಗ ಸಾಲದಲ್ಲ. ಇದರಲ್ಲಿ ಒಂದು ಮಾತೂ ತಪ್ಪಲ್ಲವೆಂದು ಇನ್ಸಾಫ್‌ಗೆ ಗೊತ್ತಿತ್ತು. ಇಬ್ಬರು ಬಾಣಂತಿಯರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಊರು ಬಾಗಿಲು ಹಾಕಿಕೊಳ್ಳುತ್ತದೆ ಎಂಬುದೂ ಗೊತ್ತಿತ್ತು. ಹೇಳಲು ಎರಡು ಸಲ ಹೋದಳು. ಆ ಪುಟ ನೋಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಮಾಡಿದ ತಪ್ಪಿಗೆ ನೆವ ಹುಡುಕಿದಂತಾಗುತ್ತದೆ. ಇಪ್ಪತ್ತು ವರ್ಷ ಬಿಳಿ ಕೋಟು ಹಾಕಿದವಳ ಬಾಯಲ್ಲಿ ಮುಶಾಹರಾ ಎಂದರೆ ಹುಡುಗಿ ನಕ್ಕಾಳು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಗುಟ್ಟಾಗಿ ಚುಕ್ಕಿ ಇಟ್ಟುಕೊಂಡೇ ಹೇಗೋ ತೂಗಿಸುತ್ತೇನೆ ಅಂದುಕೊಂಡಳು.

ಆ ಮಂಗಳವಾರ ಹಸ್ನಾಳೊಬ್ಬಳದೇ ಚುಕ್ಕಿ ಇತ್ತು. ಮರ್ಜೂಕಾಳಿಗೆ ಹಿಂದಿನ ಸಂಜೆ ಡಾಕ್ಟರೇ ಫೋನ್ ಮಾಡಿ, ಗುರುವಾರ ಯಾಕೆ, ನಾಳೆಯೇ ಬನ್ನಿ ಅಂದದ್ದು, ಬೆಳಿಗ್ಗೆ ಅವಳು ಬಂದು ಕೂರುವ ತನಕ, ಇನ್ಸಾಫ್‌ಗೆ ತಿಳಿದಿರಲಿಲ್ಲ. ಡಾಕ್ಟರಿಗೆ ಚುಕ್ಕಿಯ ವಿಷಯ ತಿಳಿದಿರಲಿಲ್ಲ.

ಈಗ ಡಾಕ್ಟರು ಸ್ಟೆತಾಸ್ಕೋಪು ಕೊರಳಲ್ಲೇ ಇಟ್ಟುಕೊಂಡು ಹೊರಗೆ ಬಂದಳು. ಅವರು ಯಾಕೆ ಓಡಿಹೋದರು, ನಾನೇನು ಹುಲಿಯೇ ಎಂದು ಕೇಳಿದಳು. ಇನ್ಸಾಫ್ ಆ ಮಾತನ್ನು ಬದಿಗಿಟ್ಟು ಪಾದದ ವಿಷಯ ಹೇಳಿದಳು, ರೆಪ್ಪೆಯ ವಿಷಯ, ಬಿಸಿಲಿಗೆ ಕೈ ಹಿಡಿದದ್ದು. ಡಾಕ್ಟರು ಆಗಲೇ ಫೋನಿಗೆ ಕೈ ಹಾಕಿದ್ದಳು. ಹೆತ್ತ ಮೇಲೂ ಬಿ.ಪಿ. ಏರಿ ಫಿಟ್ಸ್ ಬರುತ್ತದೆ, ಎಷ್ಟು ಹೊತ್ತಿದೆಯೋ ದೇವರಿಗೇ ಗೊತ್ತು, ನೀವು ಹೋಗಿ ನೋಡಿ, ನಾನು ಗಾಡಿ ಹಿಡಿದು ಬರುತ್ತೇನೆ ಎಂದಳು. ಇನ್ಸಾಫ್ ಬಿ.ಪಿ. ಪಟ್ಟಿಯನ್ನು ಚೀಲಕ್ಕೆ ಹಾಕಿದಳು. ಆಮೇಲೆ, ಡಾಕ್ಟರು ಅತ್ತ ತಿರುಗಿದಾಗ, ಮೇಜಿನ ಕೆಳಗಿನ ಖಾನೆಯಿಂದ ಮುಶಾಹರಾ ತಗಲದಂತೆ ಕಾಯುವ ತನ್ನ ತಾಯಿಯ ಸರವನ್ನೂ ತೆಗೆದುಕೊಂಡಳು. ಹವಳ, ನೀಲಿಮಣಿ, ಒಂದು ಹಳೆಯ ಬೆಳ್ಳಿ ಬಿಲ್ಲೆ. ಗಾಯ ಕಟ್ಟುವ ಗಾಜ್ ಬಟ್ಟೆಯಲ್ಲಿ ಸುತ್ತಿಟ್ಟದ್ದು.

ರತೀಬಾಳ ಮನೆಯ ಮುಂದೆ ನಾಳೆಯ ಏಳನೇ ದಿನದ ಸಂಭ್ರಮಕ್ಕೆ ನೆರೆಯ ಹೆಂಗಸರು ಶೇಂಗಾ, ಮಿಠಾಯಿ ಹಸನು ಮಾಡುತ್ತ ಕೂತಿದ್ದರು. ಕೂಸನ್ನು ಮಲಗಿಸಿ ತೂಗುವ ಜರಡಿಯನ್ನು ತೊಳೆದು ಬಿಸಿಲಿಗೆ ಇಟ್ಟಿದ್ದರು. ಹುಡುಗಿಯಾದ್ದರಿಂದ ಮಣ್ಣಿನ ಹೂಜಿಗೆ ಬಣ್ಣದ ಕಾಗದ ಸುತ್ತಿ, ಸರ ತೊಡಿಸಿದ್ದರು. ಇನ್ಸಾಫ್ ಬರುವುದನ್ನು ಕಂಡು ಎಲ್ಲರ ಮಾತು ನಿಂತಿತು. ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು.

ರತೀಬಾ ಬಾಗಿಲನ್ನು ಅರ್ಧ ಮುಚ್ಚಿ ಅಡ್ಡ ನಿಂತಳು. ಸೊಸೆ ಮಲಗಿದ್ದಾಳೆ, ರಾತ್ರಿ ನಿದ್ದೆಯಿಲ್ಲ, ತುಪ್ಪ ಮೆಂತ್ಯ ತಿಂದು ಮೈ ತುಂಬಿಕೊಂಡಿದ್ದಾಳೆ, ಅದನ್ನೇ ಬಾವು ಅಂತೀಯಲ್ಲ ಎಂದಳು. ಇನ್ಸಾಫ್ ಹೊಸ್ತಿಲಿನಿಂದ ಎರಡು ಮಾರು ಹಿಂದೆಯೇ ನಿಂತು, ಹಿರಿಯಳನ್ನು ಕರೆಯುವ ಮರ್ಯಾದೆಯಲ್ಲಿ ಕರೆದಳು.

"ಹಾಜ್ಜಾ, ನಾ ಒಳಗ ಬರೂದಿಲ್ಲ. ನನ್ನ ಹೆಗಲ ಮ್ಯಾಲೆ ಮರ್ಜೂಕಾನ ಹಾಲಿನ ಕಲಿ ಐತಿ, ನನಗೂ ಗೊತ್ತೈತಿ. ಆಕಿ ಕೈಯೊಂದಷ್ಟು ಹೊರಗ ಚಾಚಲಿ."

ರತೀಬಾ ಕೆಟ್ಟ ಹೆಂಗಸೇನಲ್ಲ. ಮಗ ಸಮುದ್ರದ ದಂಡೆಯ ಯಾವುದೋ ಹೋಟೆಲಿನ ಕೆಲಸಕ್ಕೆ ಹೋಗಿ ಐದು ತಿಂಗಳಾಗಿತ್ತು. ಹೊಟ್ಟೆಹೊತ್ತ ಸೊಸೆಗೆ ಕೊಡ ಎತ್ತಲೂ ಬಿಡದೆ ನೋಡಿಕೊಂಡಿದ್ದಳು. ಕಾಯುವುದು ಹೇಗೆಂದು ಅವಳಿಗೆ ಯಾರು ಕಲಿಸಿದ್ದರೋ ಹಾಗೆ ಕಾಯುತ್ತಿದ್ದಳು. ಕೊನೆಗೆ ಒಳಗೆ ಏನೋ ಹೇಳಿದಳು. ಬಾಗಿಲಿನ ಸಂದಿಯಿಂದ ಒಂದು ಕೈ ಹೊರಗೆ ಬಂತು, ಮಣಿಕಟ್ಟಿನಲ್ಲಿ ನೀಲಿ ದಾರ ಉಬ್ಬಿದ ಮಾಂಸದಲ್ಲಿ ಹೂತುಕೊಂಡಿತ್ತು.

ಓಣಿಯಲ್ಲಿ ಮೊಣಕಾಲೂರಿ ಇನ್ಸಾಫ್ ಆ ಕೈಗೆ ಪಟ್ಟಿ ಸುತ್ತಿದಳು. ನೂರ ಎಂಬತ್ತು, ನೂರ ಇಪ್ಪತ್ತು. ನಂಬದೆ ಇನ್ನೊಮ್ಮೆ ಗಾಳಿ ಹಾಕಿದಳು. ಅಷ್ಟೇ. ಶೇಂಗಾ ಆರಿಸುವ ಕೈಗಳೆಲ್ಲ ನಿಂತಿದ್ದವು.

ಈಗಿಂದೀಗ ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕು, ಇಲ್ಲದಿದ್ದರೆ ಹುಡುಗಿ ಉಳಿಯುವುದಿಲ್ಲ ಎಂದು ಇನ್ಸಾಫ್ ಹೇಳಿದಳು. ಸುತ್ತುಬಳಸದೆ ಹೇಳಿದಳು. ರತೀಬಾ ತಲೆ ಅಲ್ಲಾಡಿಸಿದಳು. ಆ ಆಸ್ಪತ್ರೆಯಲ್ಲಿ ಒಂದೊಂದು ಕೋಣೆಗೆ ಎಂಟು ಬಾಣಂತಿಯರು, ಒಬ್ಬಳು ಹೊರಗೆ ಹೋದರೆ ಇಬ್ಬರು ಒಳಗೆ ಬರುತ್ತಾರೆ. ಇಲ್ಲಿ ಒಬ್ಬಳಿಗೇ ಹೆದರಿ ಓಡಿ ಬಂದಿದ್ದೇನೆ, ಅಲ್ಲಿ ಹೇಗೆ ಒಯ್ಯಲಿ? ನಾಳೆ ಏಳನೇ ದಿನ. ಅದು ಕಳೆಯಲಿ, ಆಮೇಲೆ ನೋಡೋಣ. ಇನ್ಸಾಫ್ ಗಾಜ್ ಬಟ್ಟೆ ಬಿಚ್ಚಿ ಸರವನ್ನು ಹೊಸ್ತಿಲ ಮೇಲಿಟ್ಟು ಮೊದಲಿನ ಜಾಗಕ್ಕೇ ಹಿಂದೆ ಸರಿದಳು.

"ನಮ್ಮವ್ವಂದು. ಆಕಿ ಕೊಳ್ಳಾಗ ಹಾಕು. ಎಂಟಲ್ಲ, ಎಂಬತ್ತು ಬಾಣಂತೇರು ಬರಲಿ."

ರತೀಬಾ ಬಗ್ಗಿ ಸರ ಎತ್ತಿಕೊಂಡಳು. ಬೆಳ್ಳಿ ಬಿಲ್ಲೆಯನ್ನು ಹೆಬ್ಬೆರಳಲ್ಲಿ ಒರೆಸಿ ನೋಡಿದಳು. ಆದರೂ ಬಾಗಿಲಿನಿಂದ ಸರಿಯಲಿಲ್ಲ. ಮಗನಿಗೆ ಫೋನ್ ಹಚ್ಚಿ ಕೇಳುತ್ತೇನೆ ಎಂದಳು. ಹಚ್ಚಿದಳು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು. ಒಳಗಿನಿಂದ ಹಸ್ನಾಳ ದನಿ ಕೇಳಿತು, ಕಣ್ಣ ಮುಂದೆ ಕಿಡಿ ಹಾರಾಕತ್ತ್ಯಾವ ಅತ್ತಿ, ಜರಡಿ ಎರಡೆರಡು ಕಾಣತೈತಿ ಎಂದು. ಇನ್ಸಾಫ್‌ಗೆ ಅತ್ತೆಯನ್ನು ದೂಡಿ ಒಳಗೆ ನುಗ್ಗಿಬಿಡಲೇ ಅನ್ನಿಸಿತು. ಕಾಲು ಏಳಲಿಲ್ಲ. ಇಪ್ಪತ್ತೇಳು ವರ್ಷದ ಹಿಂದಿನ ಆ ನೆರೆಯವಳು ಬಾಗಿಲು ತಳ್ಳಿ ಒಳಗೆ ಬರುತ್ತಿದ್ದುದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಓದಿದವಳು, ಸಾವಿರ ಕೂಸು ಎತ್ತಿದವಳು, ಎರಡು ಮಾರು ದೂರದಲ್ಲಿ ಕಂಬದಂತೆ ನಿಂತಳು. ಇದಕ್ಕಾಗಿ ಅವಳು ತನ್ನನ್ನು ಕೊನೆಯವರೆಗೂ ಕ್ಷಮಿಸಿಕೊಳ್ಳಲಿಲ್ಲ.

ಬಾಗಿಲು ಹಿಂದಿನಿಂದ ಅಲುಗಿತು. ರತೀಬಾಳ ತೋಳಿನ ಕೆಳಗಿನಿಂದ ಹಸ್ನಾ ಗೋಡೆ ಹಿಡಿದುಕೊಂಡು ಬಂದಳು. ಚಪ್ಪಲಿ ಹಿಡಿಸದ ಪಾದ ಬರಿಯದಾಗಿತ್ತು. ಅದನ್ನೆತ್ತಿ ಹೊಸ್ತಿಲಾಚೆ ಇಟ್ಟಳು. ಇನ್ನೊಂದನ್ನೂ ಇಟ್ಟಳು. ಅಲ್ಲಿಂದ ಎರಡು ಮಾರು ನಡೆದು ಇನ್ಸಾಫ್‌ಳ ಹೆಗಲಿನ ಮೇಲೆ ತಲೆಯಿಟ್ಟಳು.

"ನಾನs ಬಂದ್ನಿ, ಹಕೀಮಾ."

ಊರಿನ ಶಾಜ್ಲಿ ಮಾಮನ ಪಿಕಪ್ ಗಾಡಿ ಓಣಿಯ ಬಾಯಿಗೆ ಬಂದು ನಿಂತಿತ್ತು, ಡಾಕ್ಟರು ಅದರಿಂದ ಇಳಿದು ಓಡಿ ಬರುತ್ತಿದ್ದಳು. ಹುಡುಗಿಯನ್ನು ಹಿಂದೆ ಚಾಪೆಯ ಮೇಲೆ ಮಲಗಿಸಿದರು. ರತೀಬಾ ಕೂಸನ್ನು ಎತ್ತಿಕೊಂಡು ತಾನಾಗಿಯೇ ಹತ್ತಿದಳು, ಸರವನ್ನು ಸೊಸೆಯ ಕೊರಳಿಗೆ ಹಾಕಿದಳು. ಡಾಕ್ಟರು ಅದನ್ನು ನೋಡಿ ಹುಡುಗಿಯ ನಾಡಿ ಹಿಡಿದಳು. ಹೊಲದ ತಿರುವಿನಲ್ಲಿ ಕಬ್ಬಿನ ರೈಲು ರಸ್ತೆಗೆ ಅಡ್ಡ ನಿಂತಿತ್ತು. ಡಬ್ಬಿಯ ಹಿಂದೆ ಡಬ್ಬಿ, ಶಾಜ್ಲಿ ಎಷ್ಟು ಹಾರ್ನ್ ಹೊಡೆದರೂ ಕದಲದು. ಅಲ್ಲೇ ಹಸ್ನಾಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಮೈಯೆಲ್ಲ ಸೆಟೆದು ಅದುರತೊಡಗಿತು. ಡಾಕ್ಟರು ತಂದಿದ್ದ ಇಂಜೆಕ್ಷನ್ನನ್ನು ತೊಡೆಗೆ ಚುಚ್ಚಿದಳು. ಇನ್ಸಾಫ್ ಅವಳನ್ನು ಮಗ್ಗುಲಿಗೆ ತಿರುಗಿಸಿ ನಾಲಿಗೆ ಉಸಿರಿಗೆ ಅಡ್ಡ ಬರದಂತೆ ಗದ್ದ ಹಿಡಿದಳು. ರತೀಬಾ ಕೂಸಿನ ಮುಖವನ್ನು ತನ್ನ ಎದೆಗೆ ಒತ್ತಿ ಹಿಡಿದಿದ್ದಳು, ತಾಯಿಯ ಈ ರೂಪವನ್ನು ಅದು ನೋಡದಿರಲೆಂದು.

ಹಸ್ನಾ ಬದುಕಿದಳು. ನಾಲ್ಕು ದಿನ ಅರೆಪ್ರಜ್ಞೆ, ಹದಿಮೂರು ದಿನ ಆಸ್ಪತ್ರೆ. ಕೂಸು ಊರಲ್ಲಿ ಅಜ್ಜಿಯ ಹತ್ತಿರ ಬಾಟಲಿ ಹಾಲು ಕುಡಿಯಿತು. ಏಳನೇ ದಿನದ ಜರಡಿಯನ್ನು ಯಾರೂ ತೂಗಲಿಲ್ಲ.

ಆ ಮೊದಲ ಸಂಜೆ, ಪಟ್ಟಣದ ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು ಇನ್ಸಾಫ್ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಚುಕ್ಕಿ, ಎರಡು ಬಾಗಿಲು, ರತೀಬಾಳಿಗೆ ಇಟ್ಟ ಆಣೆ. ಮೂವತ್ತೊಂದು ದಿನದ ಕೂಸಿನ ವಿಷಯವನ್ನೂ ಹೇಳಿದಳು. ಆ ಕೂಸಿನ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟೋ ವರ್ಷವಾಗಿತ್ತು.

"ಮೊದ್ಲೇ ಯಾಕೆ ಹೇಳ್ಲಿಲ್ಲ, ಇನ್ಸಾಫಕ್ಕ?"

"ಹೇಳಿದ್ರ ನಗತಿದ್ರಿ."

"ನಗ್ತಿದ್ದೆ," ಎಂದು ಡಾಕ್ಟರು ಒಪ್ಪಿದಳು. "ನಕ್ಕು, ಆಮೇಲೆ ಆ ಕಪಾಟು ಸರಿಸ್ತಿದ್ದೆ."

ಮರುವಾರ ಇಬ್ಬರೂ ಸೇರಿ ಕಪಾಟನ್ನು ಎಳೆದರು. ಕಾವಲುಗಾರ ಹಿಂಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟ. ಕಡತ ಒಂದೇ, ದಿನ ಒಂದೇ, ತಾಯಿ ಕೂಸು ಇಬ್ಬರನ್ನೂ ನೋಡುವುದೂ ಒಟ್ಟಿಗೇ. ಬಾಗಿಲು ಮಾತ್ರ ಎರಡು, ಹೊತ್ತು ಬೇರೆ. ಕ್ಯಾಲೆಂಡರಿನಲ್ಲಿ ಡಾಕ್ಟರೇ ಕೆಂಪು ಪೆನ್ನಿನಲ್ಲಿ ದಪ್ಪ ಚುಕ್ಕಿ ಇಡತೊಡಗಿದಳು. ಆದರೂ ಮೂರು ವಾರ ಒಬ್ಬ ಬಾಣಂತಿಯೂ ಬರಲಿಲ್ಲ. ಕಾರಣ ಇನ್ಸಾಫ್. ಊರಿನ ಬಾಯಲ್ಲಿ ಕತೆ ಬೇರೆಯಾಗಿತ್ತು. ಮರ್ಜೂಕಾಳನ್ನು ಮುಟ್ಟಿದ ಕೈಯಲ್ಲೇ ಇನ್ಸಾಫ್ ಹಸ್ನಾಳ ಕೋಣೆಗೆ ನುಗ್ಗಿದಳು, ಅದಕ್ಕೇ ಹುಡುಗಿಗೆ ಸೆಟೆತ ಬಂತು, ಅದಕ್ಕೇ ಹಾಲು ಬತ್ತಿತು. ಶೇಂಗಾ ಆರಿಸುತ್ತ ಕಣ್ಣಾರೆ ಕಂಡವರೂ ಹೀಗೇ ಹೇಳುತ್ತಿದ್ದರು. ರತೀಬಾಳೂ ಹೇಳುತ್ತಿದ್ದಳು, ಬಹುಶಃ ನಂಬಿಕೊಂಡೇ. ಬಾಗಿಲಿಗೆ ಅಡ್ಡ ನಿಂತು ಫೋನ್ ಹಚ್ಚಿದ ಆ ಕೆಲವು ನಿಮಿಷವನ್ನು ಅವಳು ಇನ್ನೆಲ್ಲಿ ಇಟ್ಟುಕೊಳ್ಳಬೇಕು? ಇನ್ಸಾಫ್ ಯಾರಿಗೂ ಎದುರಾಡಲಿಲ್ಲ. ತಾನು ಒಳಗೆ ಹೋಗಿಲ್ಲವೆಂದು ಗೊತ್ತಿತ್ತು. ಆದರೆ ಹುಡುಗಿ ತಲೆಯಿಟ್ಟದ್ದು ಮರ್ಜೂಕಾಳ ಹಾಲಿನ ಕಲೆಯಿದ್ದ ಹೆಗಲಿನ ಮೇಲೇ ಅಲ್ಲವೇ ಎಂದು ರೊಟ್ಟಿ ಮುರಿಯುವಾಗ, ಬಟ್ಟೆ ಹಿಂಡುವಾಗ ನೆನಪಾಗುತ್ತಿತ್ತು.

ಹೆರಿಗೆಯಾದ ಮೂವತ್ತನಾಲ್ಕನೆಯ ದಿನ ರತೀಬಾ ಸೊಸೆಯನ್ನೂ ಕೂಸನ್ನೂ ಕರೆದುಕೊಂಡು ಹಿಂಬಾಗಿಲಿನಿಂದ ಬಂದಳು. ಬೇರೆ ದಾರಿಯಿರಲಿಲ್ಲ. ಸರಕಾರದ ಹಾಲಿನ ಡಬ್ಬಿ ಬೇಕೆಂದರೆ ತಾಯಿಗೆ ಹಾಲಿಲ್ಲವೆಂದು ಇಲ್ಲಿಯೇ ಬರೆಸಿಕೊಳ್ಳಬೇಕು, ಅದನ್ನು ನರ್ಸೇ ಎದೆ ಹಿಂಡಿ ನೋಡಬೇಕು. ಹಸ್ನಾ ತೆಳ್ಳಗಾಗಿದ್ದಳು, ಪಾದ ಚಪ್ಪಲಿಯೊಳಗೆ ಹಿಡಿಸಿತ್ತು. ಕೊರಳಲ್ಲಿ ಇನ್ಸಾಫ್‌ಳ ತಾಯಿಯ ಸರ ಹಾಗೇ ಇತ್ತು. ಇನ್ಸಾಫ್ ಪರದೆ ಎಳೆದು, ಕೈಯನ್ನು ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿಕೊಂಡು ಮೆಲ್ಲಗೆ ಹಿಂಡಿದಳು. ಬಲಗಡೆ ಏನೂ ಇಲ್ಲ. ಎಡಗಡೆ ಏನೂ ಇಲ್ಲ. ಕೂಸು ಅಜ್ಜಿಯ ತೊಡೆಯ ಮೇಲೆ ಬಾಟಲಿಯ ರಬ್ಬರು ಚೀಪುತ್ತಿತ್ತು.

ಅರ್ಜಿಯಲ್ಲಿ ಕಾರಣ ಎಂದೊಂದು ಖಾನೆಯಿದೆ. ಇನ್ಸಾಫ್‌ಳ ಪೆನ್ನು ಅಲ್ಲಿ ನಿಂತಿತು.

"ಬರಿ," ಎಂದಳು ರತೀಬಾ. "ಇದ್ದದ್ದು ಇದ್ದಂಗ ಬರಿ. ಇನ್ಸಾಫ್ ಆಕಿ ಮ್ಯಾಲೆ ಒಳಗ ಬಂದ್ಳು, ಹಾಲು ಹೋತು ಅಂತ ಬರಿ."

ಮೇಜಿನಾಚೆ ಡಾಕ್ಟರು ಕಡತದಿಂದ ತಲೆಯೆತ್ತಿದಳು. ಪರದೆಯ ಹಿಂದೆ ಗುಂಡಿ ಹಾಕಿಕೊಳ್ಳುತ್ತಿದ್ದ ಹಸ್ನಾ ಹೊರಗೆ ಬಂದಳು. ಅತ್ತೆಯ ಎದುರು ಅವಳು ದನಿಯೆತ್ತಿ ಮಾತಾಡಿದ್ದನ್ನು ಇನ್ಸಾಫ್ ಅದುವರೆಗೆ ಕೇಳಿರಲಿಲ್ಲ. ಈಗಲೂ ದನಿಯೆತ್ತಲಿಲ್ಲ.

"ಆಕಿ ಒಳಗ ಬಂದಿಲ್ಲ ಅತ್ತಿ. ನಾನs ಹೊರಗ ಹೋಗಿದ್ನಿ. ನನ್ನ ಕಾಲಿಲೆ ಹೋಗಿದ್ನಿ."

ರತೀಬಾ ಸೊಸೆಯ ಮುಖ ನೋಡಿದಳು, ಆಮೇಲೆ ಅವಳ ಪಾದ ನೋಡಿದಳು. ಕಾನೂನು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೂಸಿನ ಬಾಟಲಿಯನ್ನು ಸರಿಯಾಗಿ ಹಿಡಿದಳು. ಇನ್ಸಾಫ್ ಕಾರಣದ ಖಾನೆಯಲ್ಲಿ "ತಾಯಿಯ ಕಾಯಿಲೆ" ಎಂದು ಬರೆದಳು. ಅಕ್ಷರ ಎಂದಿನಂತೆ ಬರಲಿಲ್ಲ.

ಆಮೇಲೆ ಹೊಸ ಕಡತವನ್ನು ಎಳೆದುಕೊಂಡಳು. ಕೂಸಿನ ಹೆಸರು, ದಿನ, ಅದರ ಪಕ್ಕ ತಾಯಿ ಎಂಬ ಖಾನೆ.

"ಹೆಂಗದೀಯವ್ವಾ?"

"ಚೊಲೋ ಅದಾಳ," ಎಂದಳು ರತೀಬಾ, ರೂಢಿಯಂತೆ.

"ನಿನ್ನ ಕೇಳಿಲ್ಲ, ಹಾಜ್ಜಾ."

ಹಸ್ನಾ ಅತ್ತೆಯ ಕಡೆ ನೋಡಿದಳು, ಡಾಕ್ಟರ ಕಡೆ ನೋಡಿದಳು. ತನ್ನನ್ನೇ ಕೇಳುತ್ತಿದ್ದಾರೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೆಂಚಿನ ಮೇಲೆ ಕೂತಳು. ಎಡಗಣ್ಣಿಗೆ ಇನ್ನೂ ಮಂಜು ಅಂದಳು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಮಲಗಿದರೆ ಆ ಕಬ್ಬಿನ ರೈಲು ಬಂದು ನಿಂತಹಾಗಾಗುತ್ತದೆ. ಕೂಸು ಅತ್ತಾಗ ಎದೆ ಜುಮ್ಮೆನ್ನುತ್ತದೆ, ಏನೂ ಬರುವುದಿಲ್ಲ, ಆಗ ಕೂಸಿನ ಮುಖ ನೋಡಲು ಹೆದರಿಕೆ. ಎರಡು ಬೆರಳಗಲದ ಖಾನೆ ಮೊದಲ ಮಾತಿಗೇ ತುಂಬಿತು. ಇನ್ಸಾಫ್ ಬರೆಯುವುದನ್ನು ನಿಲ್ಲಿಸಲಿಲ್ಲ. ಗೆರೆ ದಾಟಿ ಪಕ್ಕದ ಖಾನೆಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ಬರೆಯುತ್ತಲೇ ಹೋದಳು. ಕೂಸಿನ ತೂಕಕ್ಕೆ ಜಾಗ ಉಳಿಯಲಿಲ್ಲ, ಅದನ್ನು ಡಾಕ್ಟರು ಆಮೇಲೆ ಪುಟದ ಅಂಚಿನಲ್ಲಿ ಬರೆದುಕೊಂಡಳು.